ಹೊಳೆವ್ವನ ತವರುಮನೆ

ನಮ್ಮ ದೊಡ್ಡತ್ತೆಗೆ ತಲೆ ಸರಿಯಿಲ್ಲ ಎಂದು ಮೊದಲು ಹೇಳಿದವಳು ನಾನಲ್ಲ, ದಯವಿಟ್ಟು ನನ್ನ ಮೇಲೆ ಹಾಕಬೇಡಿ. ನಾನು ಜಗಳೂರಿಗೆ ಸೊಸೆಯಾಗಿ ಬರುವ ಹೊತ್ತಿಗೆ ಅದು ಹಳೇ ಸುದ್ದಿಯಾಗಿತ್ತು. ಹೊಸಬರಿಗೆ ಬಸ್ಸಿನ ಟೈಮು ಹೇಳಿದಷ್ಟು ಸಲೀಸಾಗಿ ಬೀದಿಯವರು ಅದನ್ನು ಹೇಳುತ್ತಿದ್ದರು. ಬೇರೆ ಹೆಂಗಸರು ತವರಿನಿಂದ ಬರುವಾಗ ಏನು ತರುತ್ತಾರೆ? ಸೀರೆ, ಕುಪ್ಪಸದ ಕಣ, ಒಂದು ಡಬ್ಬಿ ಚಕ್ಕುಲಿ, ತೀರಾ ಪುಣ್ಯವಂತೆಯಾದರೆ ಕರೆಯುವ ಎಮ್ಮೆ. ನಮ್ಮ ದೊಡ್ಡತ್ತೆ ಹೊನ್ನಾಳಿಯ ತವರಿನಿಂದ ಬರುವಾಗ ಆಮೆ ತಂದರು! ಅದೂ ಬಸ್ಸಿನಲ್ಲಿ! ಅದೂ ಸೆರಗಿನಲ್ಲಿ ಕಟ್ಟಿಕೊಂಡು! ದಾವಣಗೆರೆಯಲ್ಲಿ ಬಸ್ಸು ಬದಲಿಸಿದಾಗ ಕಂಡಕ್ಟರು, "ಉಡಿಯಾಗೆ ಏನೈತಮ್ಮಾ?" ಎಂದು ಕೇಳಿದನಂತೆ. "ತವರಿನೋರು ಕೊಟ್ಟಿದ್ದು. ನಿಂಗ್ಯಾಕೆ?" ಎಂದರಂತೆ ಇವರು. ಅಷ್ಟರಲ್ಲಿ ತವರಿನವರು ಕೊಟ್ಟಿದ್ದು ಸೆರಗಿನಿಂದ ತಲೆ ಹೊರಗೆ ಹಾಕಿ ಕಂಡಕ್ಟರನ್ನು ನೋಡಿತಂತೆ. ಜಗಳೂರು ಬರುವ ತನಕ ಆ ಮನುಷ್ಯ ಬಾಗಿಲು ಬಿಟ್ಟು ಈಚೆ ಬರಲಿಲ್ಲವಂತೆ.

ಈ ಕತೆಯನ್ನು ನಮ್ಮ ಬೀದಿಯಲ್ಲಿ ಎಷ್ಟು ಸಲ ಹೇಳಿಕೊಂಡು ನಕ್ಕಿದ್ದೇವೋ! ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಆದರೆ ಆಮೆಯನ್ನೇ ಯಾಕೆ ತಂದರು ಎಂದು ಯಾರೂ ಕೇಳಿರಲಿಲ್ಲ. ಹುಚ್ಚು ಎಂದು ತೀರ್ಮಾನ ಮಾಡಿದ ಮೇಲೆ ಕಾರಣ ಯಾರಿಗೆ ಬೇಕು?

ದೊಡ್ಡತ್ತೆ ಎಂದರೆ ನನ್ನ ಮಾವನವರ ಅಣ್ಣನ ಹೆಂಡತಿ. ಸಣ್ಣ ವಯಸ್ಸಿಗೇ ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಮ್ಮ ಬೀದಿಯ ನಡುವೆ ಒಂದು ಸೇದುಬಾವಿ, ಅದರ ಎದುರಿಗೆ ಎರಡು ಕೋಣೆಯ ಅವರ ಮನೆ. ತವರಿನಿಂದ ತಂದ ಆಮೆಯನ್ನು ಅವರು ಆ ಬಾವಿಗೆ ಬಿಟ್ಟರು. ಬಾವಿಗೆ ಆಮೆ ಬಿಡುವುದು ನಮ್ಮ ಕಡೆ ದೊಡ್ಡ ವಿಷಯವಲ್ಲ. ಹುಳು, ಸೊಳ್ಳೆಮರಿ ತಿಂದುಕೊಂಡು ನೀರನ್ನು ಚೊಕ್ಕಟವಾಗಿಡುತ್ತದೆ. ಆದರೆ ಆಮೆಯನ್ನು ಬಾವಿಗೆ ಮದುವೆ ಮಾಡಿ ಕೊಟ್ಟಿದ್ದೇನೆ ಎಂದು ಹೇಳಿಕೊಂಡು ತಿರುಗುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಮ್ಮ ಬೀದಿಗೆ ಬಂದಿದ್ದರೆ ಕಾಣುತ್ತಿದ್ದಿರಿ. ಹೊಳೆಯಿಂದ ಬಂದವಳಾದ್ದರಿಂದ ಅವಳ ಹೆಸರು ಹೊಳೆವ್ವ. ಬಾವಿ ಅವಳ ಗಂಡನ ಮನೆ. ಆ ಮನೆಗೆ ಕಸ ಹಾಕಿದವರ ಜನ್ಮ ಜಾಲಾಡಲು ದೊಡ್ಡತ್ತೆ ಸದಾ ಜಗಲಿಯ ಮೇಲೆ ಹಾಜರ್!

ನಾನು ಕೆರೆಬಿಳಚಿಯವಳು. ಸೂಳೆಕೆರೆಯ ನೀರು ಕಂಡು ಬೆಳೆದವಳಿಗೆ ನೀರಿನ ವಿಷಯದಲ್ಲಿ ಎಷ್ಟು ಸೊಕ್ಕಿರಬೇಕೋ ಅಷ್ಟೂ ಇತ್ತು. ಮದುವೆಯಾಗಿ ಬಂದ ಮೊದಲ ವಾರ ಎಣ್ಣೆ ಹಚ್ಚಿಕೊಂಡು ತಲೆಗೆ ಎರೆದುಕೊಳ್ಳಲು ಹೊರಟೆ. ಆಗಿನ ನನ್ನ ಕೂದಲು ಮೊಣಕಾಲು ಮುಟ್ಟುತ್ತಿತ್ತು, ಈಗ ನೋಡಿ ನಗಬೇಡಿ. ಬಾವಿಗೆ ಹೋಗಿ ಕೊಡದ ಮೇಲೆ ಕೊಡ ಸೇದಿದೆ. ಏಳನೆಯ ಕೊಡ ಮೇಲೆ ಬರುವಾಗ ಎದುರು ಮನೆಯ ಒಳಗಿಂದ ಒಂದು ದನಿ ಬಂತು.

"ಏಳಾತು! ಯಾರವ್ವಾ ಅದು, ಕೆರೆಬಿಳಚಿಯೋಳಾ? ನೀನು ಮೈ ತೊಳ್ಕಂತೀಯೋ, ಎಮ್ಮೆ ಹಿಂಡು ತೊಳೀತೀಯೋ?"

ನಾನು ಬೆಪ್ಪಾದೆ. ಮನೆಯ ಬಾಗಿಲು ಹಾಕಿತ್ತು, ಕಿಟಕಿಯೂ ಇರಲಿಲ್ಲ. ಆ ಮಹಾತಾಯಿ ಒಲೆಯ ಮುಂದೆ ಕೂತು ರಾಟೆಯ ಕಿರುಗುಟ್ಟುವಿಕೆಯಲ್ಲೇ ಕೊಡ ಎಣಿಸಿದ್ದರು! "ನಮ್ಮೂರಾಗೆ ಕೆರೆ ಸಮುದ್ರದಂಗೈತೆ" ಎಂದು ಗೊಣಗಿದೆ. ಅದೂ ಕೇಳಿಸಿತು.

"ಸಮುದ್ರ ಅಲ್ಲೇ ಬಿಟ್ಟು ಬಂದೀಯಲ್ಲವ್ವಾ. ಇಲ್ಲಿ ಮೂರು ಕೊಡದಾಗೆ ಎರ್ಕಳ್ಳಾದು ಕಲಿ. ಹೊಳೆವ್ವನ ಮನೆ ಬರಿದು ಮಾಡಬ್ಯಾಡ."

ಕಲಿತೆ. ಈಗಲೂ ನಾನು ಮೂರು ಕೊಡದಲ್ಲೇ ಸ್ನಾನ ಮುಗಿಸುತ್ತೇನೆ ಎಂದರೆ ನನ್ನ ಮೊಮ್ಮಕ್ಕಳು ನಂಬುವುದಿಲ್ಲ.

ಜಗಳೂರಿನ ಉಳಿದ ಜನ ಬೆಳಿಗ್ಗೆ ರೇಡಿಯೊ ವಾರ್ತೆ ಕೇಳಿದರೆ ನಮ್ಮ ಬೀದಿಯವರು ದೊಡ್ಡತ್ತೆಯ ವಾರ್ತೆ ಕೇಳುತ್ತಿದ್ದರು. ಅವರ ಹತ್ತಿರ ಒಂದು ಹಗ್ಗವಿತ್ತು. ಮೊಳಕ್ಕೊಂದು ಗಂಟು, ತುದಿಗೆ ಒಂದು ಗುಂಡುಕಲ್ಲು. ಎದ್ದ ಕೂಡಲೇ ಅದನ್ನು ಬಾವಿಯ ತಳ ಮುಟ್ಟುವ ತನಕ ಇಳಿಬಿಟ್ಟು ಮೇಲೆತ್ತುವರು. ಎಷ್ಟು ಗಂಟು ಒದ್ದೆಯಾಗಿದೆಯೋ ಅಷ್ಟು ನೀರು. ಆಮೇಲೆ ಜಗಲಿಯ ಮೇಲೆ ನಿಂತು ಕೂಗುವರು: "ಇವತ್ತು ಒಂಬತ್ತು ಗಂಟು! ದುಪ್ಪಟಿ ಗಿಪ್ಪಟಿ ಒಗೆಯೋರು ಇವತ್ತೇ ಒಗ್ಕಳ್ರಿ!" ಏಳಕ್ಕಿಳಿದರೆ ಹಾಸಿಗೆ ಬಟ್ಟೆ ಒಗೆಯುವಂತಿಲ್ಲ. ಐದಕ್ಕಿಳಿದರೆ ನೆಂಟರು ಬರುವಂತಿಲ್ಲ. ಬಂದರೆ ಅವರ ಪಾಲಿನ ನೀರು ಆತಿಥ್ಯ ಮಾಡುವವರ ಪಾಲಿನಲ್ಲೇ ಮುಗಿಯಬೇಕು. ಎಷ್ಟೋ ಮನೆಗಳಲ್ಲಿ ಬೇಡದ ನೆಂಟರಿಗೆ "ನಾಲ್ಕೇ ಗಂಟು ಐತಂತೆ" ಎಂದು ಕಾಗದ ಬರೆದು ಬಚಾವಾಗಿದ್ದೂ ಉಂಟು, ನಮ್ಮ ಮನೆಯನ್ನೂ ಸೇರಿಸಿ.

ಬೀದಿಯ ಆ ತುದಿಯಲ್ಲಿ ಶೇಂಗಾ ಗಿರಣಿ ಯಜಮಾನರು ಇದ್ದರು. ಇಡೀ ಬೀದಿಗೆ ದೊಡ್ಡ ಮನೆ, ದೊಡ್ಡ ಮೀಸೆ, ದೊಡ್ಡ ದನಿ. ಮಗಳ ಮದುವೆಗೆ ಬೇಸಿಗೆಯಲ್ಲಿ ಮುಹೂರ್ತ ಇಡಿಸಿಕೊಂಡು ಬಂದು ಬೀದಿಗೆಲ್ಲ ಸಕ್ಕರೆ ಹಂಚಿದರು. ದೊಡ್ಡತ್ತೆ ಸಕ್ಕರೆ ಬಾಯಿಗೆ ಹಾಕಿಕೊಂಡು, "ಗುರುಬಲ ನೋಡಿಸಿದ್ರೇನು ಯಜಮಾನ್ರೇ?" ಎಂದರು.

"ಓಹೋ! ಭರ್ಜರಿ ಐತಂತೆ."

"ಬಾವಿ ಬಲ ನೋಡಿಸಿದ್ರೇನು?"

ಯಜಮಾನರ ಮೀಸೆ ಕುಣಿಯಿತು, ದನಿ ಏರಿತು, ಬಾವಿ ಯಾರಪ್ಪನ ಮನೆಯದು ಎಂಬ ಪ್ರಶ್ನೆಯೂ ಬಂತು. ದೊಡ್ಡತ್ತೆ ಗಂಟಿನ ಹಗ್ಗ ತಂದು ಅವರ ಕೈಗೇ ಕೊಟ್ಟರು. ಯಜಮಾನರೇ ಇಳಿಬಿಟ್ಟರು, ಯಜಮಾನರೇ ಎತ್ತಿದರು, ಯಜಮಾನರೇ ಎಣಿಸಿದರು. ನಾಲ್ಕೂವರೆ. ಮದುವೆ ಮಳೆಗಾಲದ ಆಚೆಗೆ ಹೋಯಿತು. ಆಗ ಉಂಡು ಹೋದ ಬೀಗರು ಹೋಳಿಗೆಯನ್ನು ಬಿಟ್ಟು ನೀರನ್ನೇ ಹೊಗಳಿದರಂತೆ.

ಇದೆಲ್ಲ ಏನೂ ಅಲ್ಲ. ದೊಡ್ಡತ್ತೆಯ ಹುಚ್ಚಿನ ಕಳಶ ನೋಡಬೇಕೆಂದರೆ ಬಾವಿಯ ಹೂಳೆತ್ತುವ ದಿನ ಬರಬೇಕಿತ್ತು. ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ ನೀರು ತಳ ಕಂಡಾಗ, ಮನೆಗೊಬ್ಬ ಆಳಿನಂತೆ ಬೀದಿಯವರೇ ಬಾವಿಗಿಳಿದು ಹೂಳು ತೆಗೆಯುವುದು ಹಿಂದಿನಿಂದ ಬಂದ ಪದ್ಧತಿ. ನಾಲ್ಕು ದಿನದ ಕೆಲಸ. ಆ ನಾಲ್ಕು ದಿನ ಹೊಳೆವ್ವ ಎಲ್ಲಿರಬೇಕು? ಗಂಡನ ಮನೆ ರಿಪೇರಿಯಲ್ಲಿರುವಾಗ ಹೆಣ್ಣುಮಗಳು ಎಲ್ಲಿಗೆ ಹೋಗುತ್ತಾಳೆ? ತವರಿಗೆ! ಹೊಳೆವ್ವನ ತವರು ವರ್ಷಕ್ಕೊಂದು ಮನೆ, ಪಾಳಿಯ ಮೇಲೆ.

ನಾನು ಬಂದ ವರ್ಷವೇ ನಮ್ಮ ಪಾಳಿ. ಬುಟ್ಟಿಯಲ್ಲಿ ಕೂತು ಬಾವಿಯಿಂದ ಮೇಲೆ ಬಂದ ಹೊಳೆವ್ವನನ್ನು ನಮ್ಮ ಹಿತ್ತಲಿನಲ್ಲಿ ನೀರು ತುಂಬಿದ ಕಲ್ಲುಬಾನಿಗೆ ಬಿಟ್ಟರು. ಊಟದ ತಟ್ಟೆಯಷ್ಟು ಅಗಲ, ಹೆಣ್ಣು ನೋಡಲು ಬಂದವರ ಹಾಗೆ ಕಣ್ಣು ಮಿಟುಕಿಸದ ನೋಟ. ನಾನು ಕಿರುಚಿದ್ದು ಕೆರೆಬಿಳಚಿಗೆ ಕೇಳಿಸಿರಬೇಕು. "ಅತ್ತಿಗೆ ಹಂಗೆ ಕಿರುಚಿದ್ರೆ ನಾದಿನಿ ಏನಂದ್ಕಂತಾಳೆ?" ಎಂದು ದೊಡ್ಡತ್ತೆ ನನ್ನನ್ನೇ ಬೈದರು. ನೆರೆಹೊರೆಯವರು ಮಗಳು ಬಂದಿದ್ದಾಳೆಂದು ನೋಡಲು ಬಂದರು. ನಾಲ್ಕನೆಯ ದಿನ ಅವಳಿಗೆ ಉಡಿ ತುಂಬುವ ಶಾಸ್ತ್ರ. ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಎಲೆ ಅಡಿಕೆ, ಕುಪ್ಪಸದ ಕಣ. ಆದರೆ ಇದರಲ್ಲಿ ಒಂದು ಕಾಳೂ ಬಾವಿಗೆ ಬೀಳುವಂತಿಲ್ಲ, ಕುಂಕುಮದ ಚಿಟಿಕೆಯೂ ಬೀಳುವ ಹಾಗಿಲ್ಲ, ನೀರು ಕೆಡುತ್ತದೆ. ಉಡಿಯನ್ನು ಹೊಳೆವ್ವನಿಗೆ ತೋರಿಸಿ, ಆ ಅಕ್ಕಿಯಲ್ಲಿ ಹೂಳೆತ್ತಿದವರಿಗೆ ಅಡುಗೆ!

ಎದುರು ಸಾಲಿನ ಮೇಷ್ಟ್ರಿಗೆ ಎಲ್ಲದರಲ್ಲೂ ಒಂದು ಪ್ರಶ್ನೆ. "ಅಲ್ಲಮ್ಮಾ, ಅದು ಗಂಡೋ ಹೆಣ್ಣೋ ನೋಡಿದ್ದೀರೇನು? ಗಂಡಾಗಿದ್ರೆ?"

"ಗಂಡಾಗಿದ್ರೆ ಮನೆ ಅಳಿಯ ಅಂದ್ಕಳ್ರಿ ಮೇಷ್ಟ್ರೇ. ಉಪಚಾರ ಇನ್ನೂ ಜಾಸ್ತಿ ಆಗ್ತೈತೆ. ಬೇಕೇನು?"

ಮೇಷ್ಟ್ರು ಅಲ್ಲಿಂದ ಮುಂದೆ ಹೆಣ್ಣೆಂದೇ ಒಪ್ಪಿಕೊಂಡರು.

ತವರಾದ ಮನೆಗೆ ಬರೀ ಸಂಭ್ರಮ ಎಂದುಕೊಂಡಿರಾ? ಅಲ್ಲೇ ಇರುವುದು ದೊಡ್ಡತ್ತೆಯ ಬುದ್ಧಿ. ಆ ವರ್ಷಪೂರ್ತಿ ಬಾವಿಯ ಜವಾಬ್ದಾರಿ ತವರಿನವರದು. ಕಟ್ಟೆ ತೊಳೆಯುವುದು, ರಾಟೆಗೆ ಎಣ್ಣೆ ಬಿಡುವುದು, ಬಾವಿಯ ಹತ್ತಿರ ಎಮ್ಮೆ ತೊಳೆಯುವವರನ್ನು ಅಟ್ಟುವುದು. ಎಲ್ಲಕ್ಕಿಂತ ಮುಖ್ಯವಾಗಿ, ನೀರು ಸೇದುವ ಹಗ್ಗ ತವರಿನವರ ಮನೆಯ ಗೂಟದಲ್ಲಿ ನೇತಾಡಬೇಕು. ಯಾರಿಗೆ ನೀರು ಬೇಕೋ ಅವರು ಅಲ್ಲಿಗೆ ಹೋಗಿ ಹಗ್ಗ ಕೇಳಿ ತರಬೇಕು.

ಈ ಹಗ್ಗದ ಮರ್ಮ ನನಗೆ ಅರ್ಥವಾಗಿದ್ದು ಎರಡು ವರ್ಷ ಕಳೆದ ಮೇಲೆ. ಕೆಳಗಿನ ಕೇರಿಯವರು ಆಗ ಬಾವಿಯ ಕಟ್ಟೆ ಹತ್ತುತ್ತಿರಲಿಲ್ಲ. ಹತ್ತುತ್ತಿರಲಿಲ್ಲ ಎಂದು ಮೆಲ್ಲಗೆ ಹೇಳುತ್ತಿದ್ದೇನೆ, ನಾವು ಹತ್ತಲು ಬಿಡುತ್ತಿರಲಿಲ್ಲ. ಕೆಳಗೆ ಕೊಡ ಇಟ್ಟುಕೊಂಡು, ಯಾರಾದರೂ ಸೇದಿ ಹಾಕುವ ತನಕ ಕಾಯುತ್ತಿದ್ದರು. ಹೂಳೆತ್ತುವಾಗ ಮಾತ್ರ ಅವರೂ ಬರಬೇಕಿತ್ತು, ಹೂಳಿಗೆ ಮೇಲುಕೆಳಗಿಲ್ಲ ನೋಡಿ. ಆ ವರ್ಷ ಮೇಲೆ ಬಂದ ಹೊಳೆವ್ವನ ಬುಟ್ಟಿಯನ್ನು ದೊಡ್ಡತ್ತೆ ಸೀದಾ ಕೆಳಗಿನ ಕೇರಿಯ ಹನುಮಕ್ಕನ ಕೈಗೆ ಕೊಟ್ಟು, "ಈ ಸಲ ನಿಮ್ಮ ಮನೆ ಪಾಳಿ" ಎಂದರು. ಹನುಮಕ್ಕ ಕಲ್ಲು ಒಡೆಯುವ ಗಟ್ಟಿಗಿತ್ತಿ, ಆದರೂ ಬುಟ್ಟಿಯನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು ಹೋದಳು.

ನಾಲ್ಕು ದಿನ ಕಳೆಯಿತು. ಹೊಳೆವ್ವ ಉಡಿ ತುಂಬಿಸಿಕೊಂಡು ಗಂಡನ ಮನೆಗೆ ಮರಳಿದಳು. ಹಗ್ಗ ಮಾತ್ರ ಹನುಮಕ್ಕನ ಮನೆಯ ಗೂಟದಲ್ಲಿತ್ತು! ಯಜಮಾನರು ಹಾರಾಡಿದರು. ದೊಡ್ಡತ್ತೆ, "ಬ್ಯಾಡಾದ್ರೆ ಬ್ಯಾಡ ಬಿಡ್ರಿ. ಆಕಿ ಮನ್ಯಾಗೆ ಉಂಡು ಬಂದ ಆಮೆ ನೀರಾಗೈತೆ. ಬಾವಿನೇ ಕುಲ ಕೆಟ್ಟೈತೆ, ಬೇರೆ ಬಾವಿ ನೋಡ್ಕಳ್ರಿ" ಎಂದು ಎಲೆ ಅಡಿಕೆ ಹಾಕಿಕೊಂಡರು. ಬೇರೆ ಸಿಹಿನೀರಿನ ಬಾವಿ ಎಲ್ಲಿತ್ತು? ಎರಡು ದಿನ ಗಿರಣಿ ಮನೆಯಿಂದ ಕೊಡ ಹೊರಬೀಳಲಿಲ್ಲ. ಮೂರನೆಯ ದಿನ ಯಜಮಾನರ ಹೆಂಡತಿಯೇ ಕೆಳಗಿನ ಕೇರಿಗೆ ನಡೆದುಹೋಗಿ, "ಹನುಮಕ್ಕಾ, ಹಗ್ಗ ಕೊಡವ್ವಾ" ಎಂದರು. ಹನುಮಕ್ಕ ಹಗ್ಗ ಹೊತ್ತುಕೊಂಡು ಬಂದು, ಕಟ್ಟೆ ಹತ್ತಿ, ಮೊದಲು ತನ್ನ ಕೊಡ ತುಂಬಿಕೊಂಡಳು. ನಾವು ಕೊಡ ಹಿಡಿದು ಅವಳ ಹಿಂದೆ ಸಾಲಾಗಿ ನಿಂತೆವು. ಅವತ್ತಿನಿಂದ ಆ ಬಾವಿಗೆ ಮೇಲಿನವರು ಕೆಳಗಿನವರು ಎಂಬುದು ಹೋಯಿತು. ನಾನು ದೊಡ್ಡತ್ತೆಯನ್ನು ಹೊಗಳಲು ಹೋದೆ. "ನಾನೇನ್ ಮಹಾ ಮಾಡಿದ್ನವ್ವಾ? ಪಾಳಿ ಬಂದಿತ್ತು, ಕೊಟ್ಟೆ" ಎಂದರು. ನಮ್ಮ ಬೀದಿಯ ಬಗ್ಗೆ ನನಗೆ ಎದೆಯುಬ್ಬುವುದು ಈ ಒಂದು ಕಾರಣಕ್ಕೆ. ನಾಚಿಕೆಯಾಗುವುದಕ್ಕೂ ಒಂದು ಕಾರಣವಿದೆ, ಅದನ್ನೂ ಹೇಳಿಬಿಡುತ್ತೇನೆ.

ಎಂಬತ್ತರ ದಶಕದ ಹೊತ್ತಿಗೆ ನಮ್ಮ ಬೀದಿಗೆ ನಲ್ಲಿ ಬಂತು. ತಿರುಗಿಸಿದರೆ ನೀರು! ಭುಜ ನೋಯುವುದಿಲ್ಲ, ಎಣಿಸುವವರಿಲ್ಲ! ನಾನು ಮೊದಲ ದಿನವೇ ಎಂಟು ಕೊಡದಲ್ಲಿ ತಲೆಗೆ ಎರೆದುಕೊಂಡೆ, ಸೇಡಿಗೆ. ಒಂದೆರಡು ವರ್ಷ ಹೂಳೆತ್ತುವುದು ನಿಂತಿತು. ಬಾವಿಗೆ ಬಾಳೆಸಿಪ್ಪೆ ಬಿತ್ತು, ಒಡೆದ ಚಪ್ಪಲಿ ಬಿತ್ತು. ದೊಡ್ಡತ್ತೆ ಕೂಗುವುದನ್ನು ಬಿಡಲಿಲ್ಲ, ನಾವು ಕೇಳುವುದನ್ನು ಬಿಟ್ಟೆವು. ಕೊನೆಗೆ ಬೀದಿಯವರೇ ಸೇರಿ ಬಾವಿ ಮುಚ್ಚಿಸಿ ಅಲ್ಲೊಂದು ಕಲ್ಲು ಬೆಂಚು ಹಾಕಿಸೋಣ ಎಂದು ಮಾತಾಡಿಕೊಂಡೆವು. ಮೇಷ್ಟ್ರು ದುಂಡಗಿನ ಅಕ್ಷರದಲ್ಲಿ ಅರ್ಜಿ ಬರೆದರು. ಎಲ್ಲರೂ ಸೈ ಮಾಡಿದೆವು. ಎಲ್ಲರೂ ಎಂದರೆ ನಲ್ಲಿ ಬಂದ ಮನೆಗಳವರು. ಹನುಮಕ್ಕನ ಕೇರಿಗೆ ಕೊಳವೆ ಇನ್ನೂ ಹೋಗಿರಲಿಲ್ಲ, ಅವರನ್ನು ಕೇಳಬೇಕೆಂದು ಯಾರಿಗೂ ಹೊಳೆಯಲೇ ಇಲ್ಲ. ಮೂರನೆಯ ಸೈ ನನ್ನದು. ಹೌದು, ನನ್ನದೇ.

ಉಳಿದವರು ದೊಡ್ಡತ್ತೆ ಒಬ್ಬರು. ಕೋಲಾಹಲ ಎಬ್ಬಿಸುತ್ತಾರೆ ಎಂದುಕೊಂಡು ಹತ್ತು ಜನ ಒಟ್ಟಾಗಿ ಅವರ ಜಗಲಿಗೆ ಹೋದೆವು. ಸುದ್ದಿ ತಿಳಿದು ಹನುಮಕ್ಕನೂ ಬಂದು ಮೂಲೆಯಲ್ಲಿ ನಿಂತಳು. ದೊಡ್ಡತ್ತೆ ಅರ್ಜಿ ಓದಿಸಿ ಕೇಳಿ, "ಆತು. ನಾನೂ ಸೈ ಮಾಡ್ತೀನಿ" ಎಂದರು! ನಮಗೆ ನಂಬಿಕೆಯಾಗಲಿಲ್ಲ.

"ಆದ್ರೆ ಬಾವಿ ಮುಚ್ಚಿದ ಮ್ಯಾಲೆ ಹೊಳೆವ್ವ ಎಲ್ಲಿಗೆ ಹೋಗ್ಬೇಕು? ನೀವೆಲ್ಲ ತವರಿನೋರೇ ಅಲ್ವೇನು? ಯಾರ ಮನ್ಯಾಗೆ ಕಾಯಂ ಇಟ್ಕಂತೀರಿ, ಅದೊಂದು ಹೇಳಿ ಸೈ ಹಾಕಿಸ್ಕಳ್ರಿ."

ಒಂದು ಆಮೆ ತಾನೇ! ಯಾರು ಇಟ್ಟುಕೊಳ್ಳುವುದಿಲ್ಲ? ನಾವು ಒಬ್ಬರ ಮುಖ ಒಬ್ಬರು ನೋಡಿದೆವು.

ಯಜಮಾನರು ಗಂಟಲು ಸರಿಮಾಡಿಕೊಂಡರು. "ನಾಲ್ಕು ದಿನ ಅಂದ್ರೆ ನಮ್ಮ ಮನ್ಯಾಗೆ ಇಟ್ಕಳಾಕೆ ಏನೂ ಅಡ್ಡಿಯಿಲ್ಲ. ಕಾಯಂ ಅಂದ್ರೆ..."

"ಮನೆ ಹೆಂಗಸರಿಗೆ ಸರಿಬರಾಕಿಲ್ಲ" ಎಂದು ದೊಡ್ಡತ್ತೆ ಮುಗಿಸಿದರು.

ಮೇಷ್ಟ್ರು, "ನನ್ನದು ವರ್ಗದ ಕೆಲಸ. ಇವತ್ತು ಇಲ್ಲಿ, ನಾಳೆ ಸೊಕ್ಕೆ ಹಳ್ಳಿಗೆ ಹಾಕ್ತಾರೆ. ಯಜಮಾನರದು ದೊಡ್ಡ ಮನೆ..." ಎಂದರು.

"ಅನುಕೂಲ ಇರೋರು ಇಟ್ಕಂಡ್ರೆ ಚೆಂದ. ಅಲ್ವೇನು?" ಎಂದರು ದೊಡ್ಡತ್ತೆ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಕಂಠಪಾಠ ಒಪ್ಪಿಸಿಕೊಳ್ಳುವವರ ಹಾಗೆ ತಲೆಯಾಡಿಸುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

"ನಮ್ಮದು ಸಣ್ಣ ಮನೆ ದೊಡ್ಡತ್ತೆ..." ಎಂದೆ.

"ಮಕ್ಕಳು ಬೆಳೀತಾ ಅದಾರೆ. ಬಂದು ಹೋಗಿ ಮಾಡ್ಕಂಡಿರಲಿ."

ನಾನು ಆಡಬೇಕೆಂದಿದ್ದ ಮಾತು, ಅಕ್ಷರ ತಪ್ಪದೆ ಅದೇ! "ನಿಮಗೆ ಹೆಂಗೆ ಗೊತ್ತಾತು?" ಎಂದೆ, ಪೆದ್ದಿಯ ಹಾಗೆ.

"ನಮ್ಮ ಸಣ್ಣಣ್ಣ ಹಿಂಗೇ ಹೇಳಿದ್ದ" ಎಂದರು ದೊಡ್ಡತ್ತೆ. "ನಿಮ್ಮ ದೊಡ್ಡಮಾವ ತೀರ್ಕಂಡ ವರ್ಷ ಹೊನ್ನಾಳಿಗೆ ಹೋಗಿದ್ದೆ, ಇನ್ನು ಅಲ್ಲೇ ಇದ್ದುಬಿಡಾನ ಅಂತ. ಮೂರು ಜನ ಅಣ್ಣಂದಿರು, ಮೂರು ಮನೆ. ಯಾರೂ ಕೆಟ್ಟೋರಲ್ಲ ಮತ್ತೆ. ನಾಲ್ಕು ದಿನ ಏನ್ ಉಪಚಾರ ಮಾಡಿದ್ರು! ಐದನೇ ದಿನ ಮೂರು ಮನೆನೂ ಸಣ್ಣವಾದ್ವು. ಹೊರಟೆ. ಗಂಡ ಇಲ್ದೋಳಿಗೆ ಉಡಿ ತುಂಬಾಕೆ ಬರಾಕಿಲ್ಲ ಅಂದ್ರು. ತವರಿಂದ ಬರೇ ಸೆರಗು ಹೊತ್ಕಂಡು ಬಸ್ಸು ಹತ್ತಾಕೆ ನಂಗೆ ನಾಚಿಕೆ ಆತು. ಹೊಳೆ ದಂಡಿಯಾಗೆ ಒಬ್ಬ ಮೀನು ಹಿಡಿಯೋನು ಬಲೆ ಬಿಡಿಸ್ತಿದ್ದ. ಅದರಾಗೊಂದು ಆಮೆ ಮರಿ ಇತ್ತು. ಬ್ಯಾಡ ಅಂತ ಎಸೆಯಾಕೆ ಹೋದ. ಇಲ್ಲಿ ಹಾಕಪ್ಪಾ ಅಂತ ಸೆರಗು ಒಡ್ಡಿದೆ."

ಸೆರಗು ಸರಿಮಾಡಿಕೊಂಡು, "ಕಂಡಕ್ಟರು ಕೇಳಿದ್ನಲ್ಲ, ಅದಕ್ಕೇ ತವರಿನೋರು ಕೊಟ್ಟಿದ್ದು ಅಂದೆ" ಎಂದರು.

ಇಷ್ಟು ವರ್ಷ ನಾವು ಹೊಟ್ಟೆ ಹಿಡಿದುಕೊಂಡು ನಕ್ಕ ಕತೆ ಇದು. ಆ ಜಗಲಿಯ ಮೇಲೆ ಯಾರೂ ನಗಲಿಲ್ಲ. ನನಗಂತೂ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಯಜಮಾನರ ಮೀಸೆ ಇಳಿದಿತ್ತು. ಮೇಷ್ಟ್ರು ಅರ್ಜಿಯನ್ನು ನಾಲ್ಕಾಗಿ ಮಡಚಿ ಜೇಬಿನ ಒಳಗೆ ತುರುಕಿ, "ಇವತ್ತು ಎಷ್ಟು ಗಂಟು ಐತಮ್ಮಾ?" ಎಂದು ಕೇಳಿದರು.

"ನೀವೇ ನೋಡ್ಕಳ್ರಿ. ನಲ್ಲಿ ಬಂದಾಗಿಂದ ಯಾರೂ ಕೇಳಿಲ್ಲ" ಎಂದು ದೊಡ್ಡತ್ತೆ ಗಂಟಿನ ಹಗ್ಗ ಮುಂದಿಟ್ಟರು.

ಆ ವಾರವೇ ಹೂಳೆತ್ತಲು ಇಳಿದೆವು. ಮನೆಗೊಬ್ಬ ಆಳು ಎಂದರೆ ಮನೆಗೆ ಇಬ್ಬರು ಮೂವರು ಬಂದರು. ಯಜಮಾನರು ಪಂಚೆ ಮೇಲೆ ಕಟ್ಟಿ ಬುಟ್ಟಿ ಹೊತ್ತರು, ಮೀಸೆಗೆಲ್ಲ ಕೆಸರು. ಎರಡು ವರ್ಷದ ಕಸದ ಜೊತೆ ನನ್ನದೇ ಒಂದು ಹರಿದ ಚಪ್ಪಲಿ ಮೇಲೆ ಬಂದಾಗ ನಾನು ಬೇರೆ ಕಡೆ ನೋಡಿದೆ. ಹೊಳೆವ್ವ ಈ ಸಲ ಮತ್ತೆ ನಮ್ಮ ಕಲ್ಲುಬಾನಿಗೇ ಬಂದಳು, ಸಣ್ಣ ಮನೆಗೆ. ನಾಲ್ಕನೆಯ ದಿನ ತಳದ ಸೆಲೆ ಬಿಚ್ಚಿಕೊಂಡು ಹೊಸ ನೀರು ಏಳತೊಡಗಿತು.

ಹೊಳೆವ್ವನನ್ನು ಇಳಿಬಿಡುವ ಹೊತ್ತಿಗೆ ಬೀದಿಯ ಹೆಂಗಸರೆಲ್ಲ ಬಾವಿಕಟ್ಟೆಯ ಸುತ್ತ ಸೇರಿದೆವು. ಮೊರದಲ್ಲಿ ಉಡಿಯ ಸಾಮಾನು ಎರಡು ಪಾಲು ಇತ್ತು. ಒಂದು ಪಾಲನ್ನು ಹೊಳೆವ್ವನಿಗೆ ತೋರಿಸಿದ್ದಾಯಿತು. ನಾನು ಇನ್ನೊಂದನ್ನು ಎತ್ತಿಕೊಂಡು, "ದೊಡ್ಡತ್ತೆ, ಸೆರಗು ಒಡ್ಡಿ" ಎಂದೆ.

"ಹುಚ್ಚುಗಿಚ್ಚು ಹಿಡಿದೈತೇನೇ ನಿನಗೆ?" ಎಂದರು. ಅವರ ಬಾಯಿಂದ ನನಗೆ ಈ ಮಾತು! "ಗಂಡ ಇಲ್ದೋಳಿಗೆ..."

"ತುಂಬಾಕೆ ಬರ್ತೈತೆ" ಎಂದಳು ಹನುಮಕ್ಕ. "ತವರಿನೋರು ನಾವು ಹೇಳ್ತೀವಿ. ಒಡ್ಡವ್ವಾ ನೀನು" ಎಂದವಳೇ ಎರಡು ಬೊಗಸೆ ಅಕ್ಕಿ ತೆಗೆದುಕೊಂಡು ಎಲ್ಲರಿಗಿಂತ ಮುಂದೆ ಬಂದಳು.

ದೊಡ್ಡತ್ತೆ ಸೆರಗು ಒಡ್ಡಿದರು. ಹನುಮಕ್ಕ ಹಾಕಿದಳು, ನಾನು ಹಾಕಿದೆ, ಗಿರಣಿ ಮನೆಯವರು ಹಾಕಿದರು, ಮೇಷ್ಟ್ರ ಹೆಂಡತಿ ಹಾಕಿದರು. ಕೊನೆಗೆ ದೊಡ್ಡತ್ತೆ, "ಅಕ್ಕಿ ಚೆಲ್ಲಬ್ಯಾಡ್ರೇ, ಬಾವಿಗೆ ಬೀಳ್ತಾವೆ" ಎಂದರು. ತುಂಬಿದ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹಿಂದೆ ನೋಡದೆ ಮನೆಯೊಳಗೆ ಹೋದರು.

ಮರುದಿನ ಬೆಳಿಗ್ಗೆ ಜಗಲಿಯಿಂದ ವಾರ್ತೆ ಬರಲಿಲ್ಲ. ಓಡಿ ಹೋಗಿ ಜಗಲಿಯ ಮೇಲಿದ್ದ ಗಂಟಿನ ಹಗ್ಗ ಎತ್ತಿಕೊಂಡು, ನಾನೇ ಬಾವಿಗೆ ಇಳಿಬಿಟ್ಟು, ನಾನೇ ಎಣಿಸಿ, ಅವರ ಬಾಗಿಲಿಗೆ ಬಂದು ಕೂಗಿದೆ: "ಹತ್ತು ಗಂಟು ದೊಡ್ಡತ್ತೆ!"

"ಹನ್ನೊಂದಿರಬೇಕು. ಮತ್ತೊಂದು ಸಲ ನೋಡು" ಎಂದು ಒಳಗಿಂದ ದನಿ ಬಂತು. "ನೋಡಿ ಒಳಗೆ ಬಾ. ಪಾಯಸ ಮಾಡ್ತಾ ಇದೀನಿ, ನಮ್ಮ ತವರಿನ ಅಕ್ಕಿ."